ಅಮಾವಾಸ್ಯೆ ಕಳೆದರೆ ಕೊಂಡಪ್ಪನ ಬ್ರೇಕು

ತೂಬಗೆರೆ ಕಡೆಯ ಟೀ ಅಂಗಡಿಗಳಲ್ಲಿ ಕೊಂಡಪ್ಪನ ಹೆಸರು ಎತ್ತಿದರೆ, ತಮ್ಮನನ್ನು ತಿಂದವನು ಎನ್ನುವವರು ಈಗಲೂ ಇದ್ದಾರೆ. ಅಂಥ ಬಾಯಿಗೆ ಒಂದು ಹಿಡಿ ಗ್ರೀಸ್ ತುಂಬಬೇಕು ಎನ್ನಿಸುತ್ತದೆ ನನಗೆ. ತುಂಬಲಿಲ್ಲ. ಕೊಂಡಪ್ಪನೇ ಬೇಡ ಎಂದಿದ್ದ. ಬರೆಯುವುದು ನನ್ನ ಕೆಲಸವಲ್ಲ, ಚಿಕ್ಕ ಕ್ಲಾಸಿನಲ್ಲೇ ಸ್ಕೂಲು ಬಿಟ್ಟು ಸ್ಪ್ಯಾನರ್ ಹಿಡಿದವನು ನಾನು. ದೊಡ್ಡಬಳ್ಳಾಪುರದಿಂದ ತೂಬಗೆರೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಶೆಡ್ ಇದೆ, ತಗಡಿನ ಮಾಡು, ಮುಂದೊಂದು ಬೇವಿನ ಮರ. ಕೊಂಡಪ್ಪನ ಪಿಕಪ್ಪಿನ ಬ್ರೇಕನ್ನು ನನ್ನಷ್ಟು ಸಲ ಬಿಚ್ಚಿದವರು ಯಾರೂ ಇಲ್ಲ. ಆದ್ದರಿಂದ ಅವನ ವಿಷಯ ನಾನೇ ಹೇಳಬೇಕು.

ಅವನ ಅಪ್ಪ ಮುನಿರಾಮಯ್ಯ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಗೊಬ್ಬರ, ಇಟ್ಟಿಗೆ, ರಾಗಿ ಹುಲ್ಲು, ಯಾರು ಏನು ಹೇರಿದರೂ ಸರಿ. ತಿಂಗಳಿಗೊಮ್ಮೆ ಅಮಾವಾಸ್ಯೆಯ ದಿನ ಎತ್ತುಗಳಿಗೆ ನೊಗ ಹೂಡುತ್ತಿರಲಿಲ್ಲ. ಅವತ್ತು ಅವನ ಹೆಂಡತಿ ಮುನಿವೆಂಕಟಮ್ಮ ಗಾಡಿಯನ್ನು ತೊಳೆದು, ಚಕ್ರದ ಅಚ್ಚಿಗೆ ಹೊಂಗೆ ಎಣ್ಣೆ ಬಿಟ್ಟು, ಅರಿಶಿನ ಕುಂಕುಮ ಇಟ್ಟು ಕೈ ಮುಗಿಯುತ್ತಿದ್ದಳು. ಎಣ್ಣೆ ಬಿಡುವ ಕೆಲಸ ಮಾತ್ರ ಅವಳದೇ. ಗಂಡನಿಗೂ ಬಿಟ್ಟುಕೊಡುತ್ತಿರಲಿಲ್ಲವಂತೆ. ಮುನಿರಾಮಯ್ಯ ಹೋದ, ಎತ್ತು ಹೋದವು, ಗಾಡಿಯೂ ಹೋಯಿತು. ಕೊಂಡಪ್ಪ ಯಾರ್ಯಾರದೋ ಲಾರಿಗೆ ಕ್ಲೀನರ್ ಆಗಿ, ಡ್ರೈವರ್ ಆಗಿ, ಕೊನೆಗೆ ಹೊಸಕೋಟೆಯ ಕಡೆಯ ಒಬ್ಬನಿಂದ ಹಳೆಯದೊಂದು ಪಿಕಪ್ಪು ತಂದ.

ತಂದ ದಿನ ಅದನ್ನು ನೋಡಿ ನಾನು ಉಗಿದಿದ್ದೆ. "ಲೇ ಕೊಂಡಪ್ಪ, ಇದೇನ್ಲಾ ಗಾಡಿನಾ, ಗುಜರಿನಾ? ಡೋರ್ ಮುಟ್ಟಿದ್ರೆ ಕೈಗೆ ಬತ್ತದೆ."

"ಇಂಜಿನ್ ಚೆನ್ನಾಗೈತೆ ಕಾಂತಣ್ಣ. ಮಿಕ್ಕಿದ್ದು ನೀನಿದ್ದೀಯಲ್ಲ."

ಇಂಜಿನ್ ಚೆನ್ನಾಗಿತ್ತು, ಸುಳ್ಳಲ್ಲ. ಮಿಕ್ಕಿದ್ದೆಲ್ಲ ನನ್ನ ತಲೆಯ ಮೇಲೆ ಬಿತ್ತು. ಬಾನೆಟ್ ಎತ್ತಿದರೆ ನಿಲ್ಲಿಸುವ ಕಡ್ಡಿ ಮುರಿದುಹೋಗಿತ್ತು. ನಾನು ಒಳಗೆ ಕೈ ಹಾಕಿದಾಗಲೆಲ್ಲ ಕೊಂಡಪ್ಪ ಬಾನೆಟ್ಟನ್ನು ಎರಡು ಕೈಯಲ್ಲಿ ಎತ್ತಿ ಹಿಡಿದುಕೊಂಡು ನಿಲ್ಲುತ್ತಿದ್ದ. ಒಂದು ಕಡ್ಡಿ ವೆಲ್ಡ್ ಮಾಡಿಕೊಡು ಎನ್ನುತ್ತಿದ್ದ, ಆಯಿತು ಎನ್ನುತ್ತಿದ್ದೆ. ಅದು ಆಗಲೇ ಇಲ್ಲ.

ಮನುಷ್ಯ ಮಾತ್ರ ಅಪ್ಪಟ. ಹೂಕೋಸು, ಬೀನ್ಸು, ಟೊಮೊಟೊ ಹೇರಿಕೊಂಡು ಹೋಗುವಾಗ ಕ್ರೇಟಿನ ಮೇಲೆ ಕ್ರೇಟು ಮಿತಿ ಮೀರಿ ಇಡಲು ಬಿಡುತ್ತಿರಲಿಲ್ಲ. ಖಾಲಿ ಬರುವಾಗ ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸರು ಕಂಡರೆ ನಿಲ್ಲಿಸಿ ಹತ್ತಿಸಿಕೊಳ್ಳುತ್ತಿದ್ದ. ಬೇರೆ ಡ್ರೈವರುಗಳು ಅವನನ್ನು ರೇಗಿಸುತ್ತಿದ್ದರು. ರಾಜಘಟ್ಟದ ಬೈರಣ್ಣ, ಅವನದೂ ಪಿಕಪ್ಪೇ, ನನ್ನ ಶೆಡ್ಡಿನಲ್ಲೇ ಕುಳಿತು ಹೇಳುತ್ತಿದ್ದ: "ಕೊಂಡಪ್ಪ ಹೋಗೋ ಸ್ಪೀಡ್ಗೆ ಹಿಂದ್ಗಡೆ ಟೊಮೊಟೊ ಬೀಜ ಮೊಳಕೆ ಒಡೀತದೆ ಕಣಣ್ಣ."

ಕೊಂಡಪ್ಪ ನಗುತ್ತಿದ್ದ. ಹಲ್ಲು ಕಾಣದ ನಗು. ಮಾತು ಕಡಿಮೆ.

ಬ್ರೇಕಿನ ಕಾಟ ಶುರುವಾದದ್ದು ಗಾಡಿ ಬಂದು ಸ್ವಲ್ಪ ಕಾಲದ ಮೇಲೆ. ಮೊದಲು ಪೆಡಲ್ ಗಟ್ಟಿಯಾಯಿತು. ತುಳಿದರೆ ಹಿಡಿಯುತ್ತದೆ, ಬಿಟ್ಟರೆ ಬಿಡುವುದಿಲ್ಲ. ಗಾಡಿ ಬ್ರೇಕ್ ಹಿಡಿದುಕೊಂಡೇ ಓಡಿ, ಚಕ್ರದ ಡ್ರಮ್ಮು ರೊಟ್ಟಿ ಹಂಚಿನಂತೆ ಕಾದು ಹೊಗೆಯಾಡುತ್ತಿತ್ತು. ಆಮೇಲೆ ಒಮ್ಮೆಗೇ ಪೆಡಲ್ ತಳಕ್ಕೆ ಹೋಗಿ ಖಾಲಿ. ಬಿಚ್ಚಿದೆ. ಬ್ರೇಕ್ ಆಯಿಲನ್ನು ನಾಲ್ಕೂ ಚಕ್ರಕ್ಕೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೆ ಸಣ್ಣ ರಬ್ಬರುಗಳಿರುತ್ತವೆ. ಅವು ನೀರಲ್ಲಿ ನೆನೆಸಿದ ಅವರೆಕಾಳಿನಂತೆ ಊದಿಕೊಂಡಿದ್ದವು. ಹೊಸ ರಬ್ಬರ್ ಹಾಕಿದೆ. ಮುಂದಿನ ತಿಂಗಳು ಮತ್ತೆ ಅದೇ ಕಥೆ. ಮತ್ತೆ ಹಾಕಿದೆ. ಮತ್ತೆ ಬಂದ.

ನಾನು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಊದಿದ ರಬ್ಬರನ್ನು ಅಂಗಡಿಯವನ ಟೇಬಲ್ಲಿಗೆ ಎಸೆದೆ. "ನಕಲಿ ಮಾಲು ಮಾರ್ತೀಯೇನೋ? ಇದ್ರ ಮೇಲೆ ಮನುಷ್ಯರು ಓಡಾಡ್ತಾರೆ ಕಣೋ!"

"ಅಣ್ಣ, ಇದೇ ಮಾಲು ತಾಲ್ಲೂಕಿನ ಗಾಡಿಗಳಿಗೆಲ್ಲ ಹೋಗ್ತದೆ. ನಿನ್ನ ಕೊಂಡಪ್ಪನ ಗಾಡೀಲಿ ಮಾತ್ರ ಯಾಕೆ ಊದ್ತದೆ? ನನ್ನ ಮೇಲೆ ಕೂಗಾಡಿದ್ರೆ ಬ್ರೇಕ್ ಹಿಡೀತದಾ?"

ಅವನ ಕೊರಳಪಟ್ಟಿ ಹಿಡಿದೆ. ಜನ ಬಿಡಿಸಿದರು. ಆ ಅಂಗಡಿ ಬಿಟ್ಟು ಬೆಂಗಳೂರಿನಿಂದಲೇ ಮಾಲು ತರಿಸಿದೆ. ಅದೂ ಊದಿತು.

ಇದು ಅಮಾವಾಸ್ಯೆ ಕಳೆದ ಮೇಲೇ ಆಗುತ್ತದೆ ಎಂಬುದನ್ನು ಮೊದಲು ಗಮನಿಸಿದವನು ಬೈರಣ್ಣ. "ಲೇ ಕೊಂಡ, ನಿನ್ ಗಾಡಿಗೆ ಯಾವುದೋ ಗಾಳಿ ಮೆಟ್ಕೊಂಡದೆ ಕಣೋ. ಅಮಾಸೆ ಆದ್ರೆ ಸಾಕು, ಬಂದು ಬ್ರೇಕ್ ಮೇಲೆ ಕೂತ್ಕಂತದೆ. ಹೆಣ್ಣು ದೆವ್ವನೇ ಇರ್ಬೇಕು, ಹಿಡಿದ್ರೆ ಬಿಡಲ್ಲ."

ಎಲ್ಲರೂ ನಕ್ಕೆವು. ಕೊಂಡಪ್ಪ ಈ ಸಲ ನಗಲಿಲ್ಲ. ಮನೆಗೆ ಹೋಗಿ ತಾಯಿಗೆ ಹೇಳಿದ. ಗಾಡಿ ಇಟ್ಟವರೆಲ್ಲ ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುತ್ತಾರೆ, ನಿಂಬೆಹಣ್ಣು ಚಕ್ರಕ್ಕೆ ಇಟ್ಟು ಹತ್ತಿಸುತ್ತಾರೆ. ಮುನಿವೆಂಕಟಮ್ಮ ಅಂದಿನಿಂದ ಪೂಜೆಯನ್ನು ಇನ್ನಷ್ಟು ಬಲ ಮಾಡಿದಳು. ಕುಂಬಳಕಾಯಿ, ಮೆಣಸಿನಕಾಯಿ, ಧೂಪ. ಬ್ರೇಕು ಕೆಟ್ಟಷ್ಟೂ ಪೂಜೆ ಜಾಸ್ತಿಯಾಯಿತು, ಪೂಜೆ ಜಾಸ್ತಿಯಾದಷ್ಟೂ ಬ್ರೇಕು ಕೆಟ್ಟಿತು. ಅವೆರಡನ್ನೂ ಸೇರಿಸಿ ನೋಡುವ ಬುದ್ಧಿ ಯಾರಿಗೂ ಹುಟ್ಟಲಿಲ್ಲ.

ಒಂದು ಸಲ ರೋಸಿಹೋಗಿ ಮಾಸ್ಟರ್ ಸಿಲಿಂಡರನ್ನೇ ಕಿತ್ತೆಸೆದು ಹೊಸದು ಕೂರಿಸಿದೆ. "ಇನ್ನು ಈ ಗಾಡಿ ಬ್ರೇಕ್ ಅಂತ ಬಂದ್ರೆ ನಿನ್ನೂ ನಿನ್ ಗಾಡೀನೂ ಸೇರಿಸಿ ಕೆರೆಗೆ ತಳ್ತೀನಿ," ಎಂದೆ. ಪೆಡಲ್ ಬೆಣ್ಣೆಯಂತಿತ್ತು. ಕೊಂಡಪ್ಪ ಒತ್ತಿ ನೋಡಿ, ಇಳಿದು ನನ್ನ ಕೈ ಹಿಡಿದುಕೊಂಡ. ಆಮೇಲೆ ಅಮಾವಾಸ್ಯೆ ಬಂತು.

ಪೂಜೆಯಾದ ಮೂರನೆಯ ಬೆಳಗ್ಗೆ ಘಾಟಿಯ ಆಚೆಯ ಒಂದು ತೋಟದಲ್ಲಿ ಟೊಮೊಟೊ ಹೇರಿಕೊಂಡು ಹೊರಟಿದ್ದ. ಪಕ್ಕದ ಸೀಟಿನಲ್ಲಿ ತಮ್ಮ ಮಂಜೇಶ. ಅವನು ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದ, ಒಳ್ಳೆಯ ಹುಡುಗ, ಬಾಯಿಬಡುಕ, ತಾಯಿಯ ಕಣ್ಣಿನ ಬೊಂಬೆ. ಅವತ್ತು ಅವನ ಬೈಕು ಪಂಕ್ಚರ್ ಆಗಿತ್ತು, ಅಣ್ಣನ ಜೊತೆ ಹತ್ತಿದ. ಹೊರಟ ಸ್ವಲ್ಪ ಹೊತ್ತಿಗೇ ಪೆಡಲ್ ಬಿಗಿಯಾದದ್ದು ಕೊಂಡಪ್ಪನಿಗೆ ತಿಳಿಯಿತು. ಮಾಲು ಇಳಿಸಿ ಸೀದಾ ಕಾಂತಣ್ಣನ ಶೆಡ್ಡಿಗೆ ಹೋಗೋಣ ಎಂದನಂತೆ. ಅದಕ್ಕೆ ಮಂಜೇಶ, "ಹೋಗು, ಕೆರೆಗೆ ತಳ್ತಾನೆ," ಎಂದು ನಕ್ಕನಂತೆ. ಅದೇ ಅವನ ಕೊನೆಯ ಮಾತು.

ಇಳಿಜಾರಿನಲ್ಲಿ ಪೆಡಲ್ ತಳಕ್ಕೆ ಹೋಯಿತು. ಗೇರ್ ಇಳಿಸಿದ, ಹ್ಯಾಂಡ್ ಬ್ರೇಕ್ ಎಳೆದ. ತುಂಬಿದ ಗಾಡಿ ನಿಲ್ಲಲಿಲ್ಲ. ಇಳಿಜಾರು ಮುಗಿಯುವ ಕಡೆ ಹಾಲಿನ ಡೇರಿ, ಅದರ ಮುಂದೆ ಕ್ಯಾನು ಹಿಡಿದು ಸಾಲು ನಿಂತ ಜನ. ಬಲಕ್ಕೆ ಎದುರಿನಿಂದ ಬಸ್ಸು. ಎಡಕ್ಕೆ ಬಂಡೆ. ಕೊಂಡಪ್ಪ ಎಡಕ್ಕೆ ತಿರುಗಿಸಿದ.

ಮಂಜೇಶ ಕೂತಿದ್ದದ್ದು ಎಡಕ್ಕೆ.

ಡೇರಿಯ ಮುಂದಿದ್ದವರು ಒಬ್ಬರಿಗೂ ಗೀರು ಬೀಳಲಿಲ್ಲ. ಅವರೇ ಬಾಗಿಲು ಮುರಿದು ಹುಡುಗನನ್ನು ಹೊರಗೆ ತೆಗೆದರು. ರಸ್ತೆಯ ತುಂಬ ಟೊಮೊಟೊ, ಯಾವುದು ಏನು ಎಂದು ಗೊತ್ತಾಗುತ್ತಿರಲಿಲ್ಲ. ಕೊಂಡಪ್ಪನ ಎದೆಗೂಡಿನ ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ಅವನನ್ನು ನೋಡಲು ಮುನಿವೆಂಕಟಮ್ಮ ಒಮ್ಮೆ ಬಂದಳು. ನಾನು ಅಲ್ಲೇ ಬಾಗಿಲಲ್ಲಿದ್ದೆ. ಅವಳು ಅಳಲಿಲ್ಲ. ಮಂಚದ ಪಕ್ಕ ನಿಂತು ಕೇಳಿದಳು:

"ಬಲಕ್ಕೆ ತಿರುಗಿಸಿದ್ರೆ ನೀನು ಹೋಗ್ತಿದ್ದೆ. ಎಡಕ್ಕೆ ಯಾಕ್ಲಾ ತಿರುಗಿಸ್ದೆ?"

ಹೆತ್ತ ತಾಯಿ. ಕೊಂಡಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡ. ಅದಾದ ಮೇಲೆ ಅವಳು ಅವನ ಜೊತೆ ನೇರವಾಗಿ ಮಾತಾಡಿದ್ದು ಇನ್ನೊಂದೇ ಸಲ. ಊರಿನವರಿಗೆ ಅಷ್ಟು ಸಾಕಾಯಿತು. ಜಮೀನು ಇನ್ನು ಒಬ್ಬನಿಗೇ ಎಂದು ಟೀ ಅಂಗಡಿಯಲ್ಲಿ ಯಾರೋ ಅಂದರು. ಆಗ ಶುರುವಾದ ಮಾತು ಇವತ್ತಿಗೂ ನಿಂತಿಲ್ಲ.

ಪೊಲೀಸಿನವರು ಗಾಡಿ ಬಿಟ್ಟ ಮೇಲೆ ಅದನ್ನು ಎಳೆದು ತಂದು ನನ್ನ ಬೇವಿನ ಮರದ ಕೆಳಗೆ ಹಾಕಿದರು. ನನ್ನ ಕೈಯಿಂದ ಹಾಕಿದ ಹೊಸ ಸಿಲಿಂಡರ್ ಅದು. ನಿದ್ದೆ ಬರುತ್ತಿರಲಿಲ್ಲ ನನಗೆ. ಕೊಂಡಪ್ಪ ಎದೆಗೆ ಪಟ್ಟಿ ಕಟ್ಟಿಕೊಂಡು ಬಂದು ಪಕ್ಕದಲ್ಲಿ ಕಲ್ಲಿನ ಮೇಲೆ ಕುಳಿತ. ಬಿಚ್ಚಿದೆ. ರಬ್ಬರ್ ಊದಿ ಸಿಲಿಂಡರಿನ ಬಾಯಿಗೆ ಸಿಕ್ಕಿಕೊಂಡಿತ್ತು. ಬ್ರೇಕ್ ಆಯಿಲ್ ತುಂಬುವ ಡಬ್ಬಿಯಲ್ಲಿ ಉಳಿದಿದ್ದನ್ನು ಗಾಜಿನ ಲೋಟಕ್ಕೆ ಬಗ್ಗಿಸಿದೆ. ಮೇಲೊಂದು ಕಂದು ಪದರ ಬೇರೆಯಾಗಿ ನಿಂತಿತು. ಇಷ್ಟು ದಪ್ಪ ಹಿಂದೆಂದೂ ಕಂಡಿರಲಿಲ್ಲ. ಮೂಗಿಗೆ ಹಿಡಿದೆ. ಕಹಿ ವಾಸನೆ. ಈ ಸೀಮೆಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

"ಯಾವ ನನ್ಮಗನ್ಲಾ ಇದ್ರೊಳಗೆ ಹೊಂಗೆ ಎಣ್ಣೆ ಹುಯ್ದಿರೋದು?" ಎಂದು ಕೂಗಿದೆ. "ಯಾರ್ಲಾ? ಬೈರಣ್ಣನಾ? ಹೇಳು, ಅವನ ಕೈ ಮುರೀತೀನಿ! ಇದು ಬಿದ್ರೆ ರಬ್ಬರ್ ಉಳೀತದೇನೋ?"

ಕೊಂಡಪ್ಪ ಲೋಟ ಈಸಿಕೊಂಡು ಮೂಸಿದ.

"ಕೂಗಬೇಡ ಕಾಂತಣ್ಣ," ಎಂದ. "ಪೂಜೆಲಿ ಅವ್ವ ನನ್ನ ಸ್ಟೇರಿಂಗ್ ಮುಂದೆ ಕೂರಿಸ್ತಿದ್ಲು, ನಿಂಬೆಹಣ್ಣು ಹತ್ತಿಸೋಕೆ. ಬಾನೆಟ್ ಎತ್ತಿರ್ತಿತ್ತು, ಅವ್ವ ಕಾಣ್ತಿರ್ಲಿಲ್ಲ. ನನಗೆ ಕಾಣ್ತಿದ್ದಿದ್ದು..." ಎಂದವನು ಅಲ್ಲಿಗೇ ನಿಲ್ಲಿಸಿದ. ಲೋಟವನ್ನು ಮಣ್ಣಿಗೆ ಸುರಿದು ಮೇಲೆದ್ದ.

ಮನೆಗೆ ಹೋಗಿ, ಏನೂ ಅರಿಯದವನಂತೆ ತಾಯಿಯನ್ನು ಕೇಳಿದನಂತೆ: "ಅವ್ವ, ಗಾಡಿಗೂ ಎಣ್ಣೆ ಬಿಡ್ತಿದ್ದೇನವ್ವ?"

"ಬಿಡ್ದೆ ಇರ್ತೀನಾ? ನಿಮ್ಮಪ್ಪನ ಗಾಡಿಗೆ ಬಿಟ್ಟೋಳು ನಿನ್ ಗಾಡಿಗೆ ಬಿಡಲ್ವಾ? ಬ್ರೇಕ್ ಇಳೀತು ಅಂತ ನೀನು ಎಣ್ಣೆ ಹುಯ್ಯೋ ಡಬ್ಬಿಗೇ ಬಿಟ್ಟೆ, ಒಂದು ಅಮಾಸೆನೂ ತಪ್ಪಿಸ್ಲಿಲ್ಲ. ಈ ಸಲ ಕೈ ತುಂಬಾನೇ ಬಿಟ್ಟೆ. ನನ್ ಕೈಲಾದ್ದು ನಾನು ಮಾಡ್ದೆ. ನೀನು ಮಾಡ್ಲಿಲ್ಲ."

ಅದು ಅವಳ ಕೊನೆಯ ಮಾತು ಅವನ ಜೊತೆ. ಮಾರನೆಯ ದಿನ ಶೆಡ್ಡಿಗೆ ಬಂದು ಕೊಂಡಪ್ಪ ಇಷ್ಟನ್ನೂ ಹೇಳಿ, ನನ್ನ ಎರಡೂ ಕೈ ಹಿಡಿದುಕೊಂಡ. "ಇದು ಇಲ್ಲೇ ಇರ್ಲಿ. ಗೊತ್ತಾದ್ರೆ ಅವ್ವ ಬಾವಿಗೆ ಬೀಳ್ತಾಳೆ. ನನ್ನ ಬೈಕೊಂಡು ಬದುಕಿರ್ತಾಳೆ, ಬೈಕೊಳ್ಲಿ."

ಕೋರ್ಟಿನಲ್ಲಿ ಅವನು ಹೇಳಿದ ಮಾತು ಕೇಳಿ ನನಗೆ ಮೈ ಉರಿದುಹೋಯಿತು. ಬ್ರೇಕ್ ಕೆಟ್ಟಿದ್ದು ಮೊದಲೇ ಗೊತ್ತಿತ್ತು ಸ್ವಾಮಿ, ಮೆಕ್ಯಾನಿಕ್ಕು ಗಾಡಿ ಓಡಿಸಬೇಡ ಎಂದಿದ್ದ, ನಾನೇ ಉದಾಸೀನ ಮಾಡಿದೆ ಎಂದ. ತಪ್ಪು ಮೆಕ್ಯಾನಿಕ್ಕಾದ ನನ್ನ ಮೇಲೂ ಬರಬಾರದು, ತಾಯಿಯ ಮೇಲೂ ಬರಬಾರದು, ಅದಕ್ಕೆ ಹೀಗೆ. ನಾನು ಹೊರಗೆ ಹಿಡಿದು ಕೇಳಿದೆ. "ಹೊಸ ಸಿಲಿಂಡರ್ ಹಾಕ್ಸಿದ್ದಲ್ಲೋ ಬೋಳಿಮಗನೇ! ಯಾಕೆ ನಿನ್ ತಲೆ ಮೇಲೆ ನೀನೇ ಕಲ್ಲು ಎತ್ತಿ ಹಾಕ್ಕೊಂಡೆ?" ಅವನು ನನ್ನ ಕೈ ಬಿಡಿಸಿಕೊಂಡು ಪೊಲೀಸಿನವನ ಹಿಂದೆ ನಡೆದ. ಒಳಗಿದ್ದು ಬಂದ. ಲೈಸೆನ್ಸ್ ಹೋಯಿತು. ಬಂದ ಮೇಲೆ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ದೊಡ್ಡಬಳ್ಳಾಪುರದ ಪವರ್‌ಲೂಮ್ ಒಂದರಲ್ಲಿ ನೂಲಿನ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಮುರಿದ ಎದೆಯಲ್ಲಿ ಮೂಟೆ.

ಒಂದೇ ಸೂರಿನ ಕೆಳಗೆ ಮುನಿವೆಂಕಟಮ್ಮ ಬೇರೆ ಒಲೆ ಹೂಡಿದಳು. ಮಗ ತಂದ ಅಕ್ಕಿ ಮುಟ್ಟುತ್ತಿರಲಿಲ್ಲ. ಅವನ ಹೆಂಡತಿ ಪ್ರಮೋದಾ ಕೊಟ್ಟರೆ ಈಸಿಕೊಳ್ಳುತ್ತಿದ್ದಳು. ಅಮಾವಾಸ್ಯೆಯ ಎಣ್ಣೆ ಮಾತ್ರ ಬಿಡಲಿಲ್ಲ. ಮನೆಯಲ್ಲಿ ಗಾಡಿಯಿಲ್ಲ, ಎಣ್ಣೆ ಕುಡಿಕೆ ಹಿಡಿದು ಬೀದಿಯಲ್ಲಿ ನಿಂತಿದ್ದ ಯಾರದೋ ಟೆಂಪೋ ಕಡೆ ಹೊರಟಳಂತೆ ಒಂದು ಸಲ. ಕೊಂಡಪ್ಪನ ಜೀವ ಬಾಯಿಗೆ ಬಂತು. ಇಲ್ಲೇ ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯ ಕಡೆ ಯಾರದೋ ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಗಾಡಿ ಚಕ್ರವೊಂದನ್ನು ತಂದು ಅಂಗಳದಲ್ಲಿ ಗೋಡೆಗೆ ಒರಗಿಸಿದ. ಯಾಕೆ ತಂದೆ ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಂದಿನಿಂದ ಅವಳು ಆ ಚಕ್ರಕ್ಕೆ ಎಣ್ಣೆ ಬಿಟ್ಟು ಕುಂಕುಮ ಇಡತೊಡಗಿದಳು. ಅಮಾವಾಸ್ಯೆ ಬಂದರೆ ಕೊಂಡಪ್ಪ ಕೆಲಸಕ್ಕೆ ರಜೆ ಹಾಕಿ, ಅವಳು ಕುಡಿಕೆಯನ್ನು ಗೂಡಿಗೆ ಇಡುವವರೆಗೂ ಹೊಸಲು ಬಿಟ್ಟು ಕದಲುತ್ತಿರಲಿಲ್ಲ.

ಸತ್ತವರಿಗೆ ಎಡೆ ಇಡುವ ಮಹಾಲಯ ಅಮಾವಾಸ್ಯೆಗೆ ಒಮ್ಮೆ ಕರೆದಿದ್ದ, ಹೋಗಿದ್ದೆ. ಒಳಮನೆಯಲ್ಲಿ ಮುನಿರಾಮಯ್ಯನಿಗೂ ಮಂಜೇಶನಿಗೂ ಬಾಳೆ ಎಲೆ ಹಾಕಿ, ಹೊಸ ಬಟ್ಟೆ ಇಟ್ಟಿದ್ದರು. ಕೊಂಡಪ್ಪ ತಮ್ಮನ ಎಡೆಗೆ ನೀರು ಬಿಡಲು ಚೊಂಬು ಹಿಡಿದು ಬಂದ. ಮುನಿವೆಂಕಟಮ್ಮ ಅವನನ್ನು ನೋಡದೆ, ಗೋಡೆಗೆ ಹೇಳುವಂತೆ ಹೇಳಿದಳು:

"ಕೊಂದೋನ ಕೈ ನೀರು ನನ್ ಮಗ ಕುಡಿಯಲ್ಲ. ಆಚೆ ಹೋಗಕ್ಕೆ ಹೇಳ್ರೀ."

ನೆಂಟರೆಲ್ಲ ಇದ್ದರು. ಅವನ ಮಗಳು ಮಾನಸ ಕಂಬದ ಪಕ್ಕ ನಿಂತಿತ್ತು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ಏ ಮುನಿವೆಂಕಟವ್ವ, ಸಾಕು ನಿಲ್ಸು! ಯಾರು ಕೊಂದಿದ್ದು ಅಂತ ನಿನಗೆ..."

ಕೊಂಡಪ್ಪನ ಕೈಯಿಂದ ಚೊಂಬು ಬಿತ್ತು. ಬಿತ್ತೋ, ಬೀಳಿಸಿದನೋ. ನೀರು ನೆಲದ ತುಂಬ ಹರಿಯಿತು. ಅವನು ನನ್ನನ್ನೇ ನೋಡುತ್ತಿದ್ದ. ಮೂಟೆ ಹೊತ್ತವನು ಇನ್ನೊಂದು ಹೆಜ್ಜೆ ಇಡಲಾರದೆ ನೋಡುವ ನೋಟ ಅದು. ನಾನು ಬಾಯಿ ಮುಚ್ಚಿಕೊಂಡು ಹೊರಗೆ ಬಂದು ಬೈಕಿನ ಮೇಲೆ ಕುಳಿತೆ. ಜೇಬಿನಲ್ಲಿ ಕೀ ಸಿಗುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮುದುಕಿ ಎಣ್ಣೆ ಕುಡಿಕೆ ಹಿಡಿದು ಅಂಗಳಕ್ಕೆ ಬಂದಳು. ಚಕ್ರಕ್ಕೆ ಬಿಟ್ಟಳು. ಆಮೇಲೆ ನನ್ನ ಬಳಿ ಬಂದಳು. "ಕೋಪ ಮಾಡ್ಕೋಬೇಡಪ್ಪ. ಹೊಟ್ಟೆ ಸಂಕಟ, ಆಡ್ದೆ. ನೀನು ದಿನಾ ರಸ್ತೆ ಮೇಲೆ ಓಡಾಡೋನು. ಇರು, ನಿನ್ ಗಾಡಿಗೂ ಒಂದು ತೊಟ್ಟು ಬಿಡ್ತೀನಿ. ಎಲ್ಲಿಗೆ ಬಿಡ್ಲಿ?"

ಬಾಗಿಲಲ್ಲಿ ಕೊಂಡಪ್ಪ ನಿಂತಿದ್ದ. ನಾನು ಬೈಕಿನಿಂದ ಇಳಿದು, ಬಗ್ಗಿ, ಚೈನು ತೋರಿಸಿದೆ.

"ಇಲ್ಲಿಗೆ ಬಿಡವ್ವ," ಎಂದೆ.

ಹೋದ ವರ್ಷ ಅವಳು ತೀರಿಕೊಂಡಳು. ಕೊನೆಗಾಲದಲ್ಲೂ ಮಗನ ಕಡೆ ತಿರುಗಲಿಲ್ಲ. ಬಾಯಿಗೆ ನೀರು ಬಿಡಲು ಅವನು ಬಗ್ಗಿದಾಗ ತುಟಿ ಬಿಗಿಹಿಡಿದಳು. ಪ್ರಮೋದಾ ಬಿಟ್ಟ ನೀರು ಒಳಗೆ ಹೋಯಿತು. ಕೊಂಡಪ್ಪ ಮಣ್ಣು ಕೊಟ್ಟು ಬಂದ. ಇನ್ನಾದರೂ ಹೇಳೋಣವೇ ಎಂದು ಕೇಳಿದೆ. ಸತ್ತವಳಿಗೆ ಇನ್ನು ಯಾವ ಬಾವಿ?

"ಬೇಡ ಕಾಂತಣ್ಣ."

"ಇನ್ನು ಯಾಕೋ ಬೇಡ? ಮಾನಸನ್ನ ಸ್ಕೂಲಲ್ಲಿ ಕೊಲೆಗಾರನ ಮಗಳು ಅಂತಾರಂತೆ. ಅವಳಿಗಾದ್ರೂ ಗೊತ್ತಾಗೋದು ಬೇಡ್ವಾ?"

"ಬೇಡ ಅಂದ್ನಲ್ಲ," ಎಂದ. ಅವನು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ.

ನಾನು ಕೇಳಲಿಲ್ಲ. ಅವನು ಕೆಲಸಕ್ಕೆ ಹೋಗಿದ್ದಾಗ ಮನೆಗೆ ಹೋಗಿ ಪ್ರಮೋದಾಳಿಗೆ ಎಲ್ಲ ಹೇಳಿದೆ. ನಿನ್ನ ಗಂಡ ಕೊಂದಿಲ್ಲ ಕಣಮ್ಮ, ಇಷ್ಟು ವರ್ಷ ಯಾರದೋ ಹೊರೆ ಹೊತ್ತ, ಇದನ್ನು ಬರೆದು ಪೇಪರಿಗೆ ಕೊಡುತ್ತೇನೆ, ಊರಿನ ಬಾಯಿ ಮುಚ್ಚಲಿ. ಅವಳು ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು. ಸಮಾಧಾನವಾಗುತ್ತದೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತಾ ಕುಳಿತಳು.

"ಅಣ್ಣ," ಎಂದಳು, "ಆ ಗಾಡಿ ಬಾನೆಟ್ ಎತ್ತಿದ್ರೆ ನಿಲ್ತಿರ್ಲಿಲ್ಲ, ಗೊತ್ತಲ್ವಾ?"

ಗೊತ್ತು ಎಂದೆ.

"ಪೂಜೆ ಮುಗಿಯೋವರ್ಗೂ ಎತ್ತಿ ಹಿಡ್ಕೊಂಡಿರ್ತಿದ್ದೋಳು ನಾನು. ಅತ್ತೆ ಆ ಡಬ್ಬಿ ಮುಚ್ಚಳ ತಿರುಗಿಸೋದು, ಎಣ್ಣೆ ಬಿಡೋದು ಎಲ್ಲಾ ನೋಡ್ತಿದ್ದೆ. ಕೈ ನೋಯ್ತದೆ, ಬೇಗ ಬಿಡತ್ತೆ ಅಂತಿದ್ದೆ. ಇವ್ರು ಸ್ಟೇರಿಂಗ್ ಮುಂದೆ ಕೂತು ಗಾಜಿಂದ ನನ್ ಬೆರಳು ನೋಡಿ ನಗ್ತಿದ್ರು."

ಕಲ್ಲಿನ ಮೇಲೆ ಕುಳಿತು ಅವನು ಅರ್ಧಕ್ಕೆ ನಿಲ್ಲಿಸಿದ ಮಾತು ನನಗೆ ಆಗ ಪೂರ್ತಿಯಾಯಿತು. ತಾಯಿ ಹೋದ ಮೇಲೂ ಅವನು ಬೇಡ ಎಂದದ್ದು ಈ ಬೆರಳುಗಳಿಗಾಗಿ. ನಾನು ಎದ್ದೆ. ಬರೆಯುವುದಿಲ್ಲ ತಾಯಿ, ನನ್ನದು ತಪ್ಪಾಯಿತು, ಇದು ಇಲ್ಲಿಗೇ ಮುಗಿಯಲಿ ಎಂದೆ.

ಪ್ರಮೋದಾ ತಲೆಯಲ್ಲಾಡಿಸಿದಳು. "ಬರಿ. ಮಾನಸ ಓದ್ಲಿ. ನನ್ ಕೈನೂ ಬರಿ."

ಹೇಳಿ, ಎರಡೂ ಕೈ ತಲೆಯ ಮೇಲಕ್ಕೆ ಎತ್ತಿದಳು, ಬಾನೆಟ್ ಹಿಡಿದ ಹಾಗೆ. ನಾನು ಅಂಗಳ ದಾಟಿ, ಚಕ್ರ ದಾಟಿ, ಬೀದಿಗೆ ಬಂದು ತಿರುಗಿ ನೋಡಿದಾಗಲೂ ಇಳಿಸಿರಲಿಲ್ಲ.